ಎರಡನೇ ಸಹಿ

ನಮ್ಮ ಕೋಣೆ ಟಿವಿ ರಸಪ್ರಶ್ನೆಯ ಸ್ಟುಡಿಯೋದಲ್ಲಿ ಪ್ರೇಕ್ಷಕರು ಕೂರುವ ಮೆಟ್ಟಿಲುಗಳ ಕೆಳಗೆ, ನೆಲಮಾಳಿಗೆಯಲ್ಲಿತ್ತು. ಕಿಟಕಿ ಇರಲಿಲ್ಲ. ಮೇಲೆ ಯಾರಾದರೂ ಸರಿಯುತ್ತರ ಹೇಳಿದರೆ ನಮಗೆ ಚಪ್ಪಾಳೆ ಕೇಳಿಸುತ್ತಿರಲಿಲ್ಲ. ಇನ್ನೂರು ಜನ ಕಾಲು ಕುಟ್ಟುವ ಸದ್ದು ತಲೆಯ ಮೇಲೆ ಗುಡುಗುಡು ಎನ್ನುತ್ತಿತ್ತು, ಅಷ್ಟೆ. ಉತ್ತರ ತಪ್ಪಾದರೆ ಏನೂ ಇಲ್ಲ. ಆ ಮೌನದಲ್ಲಿ ಒಬ್ಬರು ವೇದಿಕೆಯಿಂದ ಇಳಿದು ಮನೆಗೆ ಹೊರಟಿದ್ದಾರೆ ಎಂದು ನಾವು ತಿಳಿದುಕೊಳ್ಳಬೇಕು.

ಕೋಣೆಯಲ್ಲಿ ನಾವು ಮೂರೇ ಜನ. ಪ್ರಶ್ನೆ ಬರೆಯುತ್ತಿದ್ದವರಿಗೆ ನಿಘಂಟು ಎಂದು ಹೆಸರಿಟ್ಟಿದ್ದರು. ಐವತ್ತು ದಾಟಿದ, ಮೆಲುದನಿಯ ಮನುಷ್ಯ. ಕೋಟಿನ ಎರಡೂ ಜೇಬುಗಳಲ್ಲಿ ಸದಾ ಪುಸ್ತಕ. ನಮ್ಮ ಮುಖ್ಯಸ್ಥರು ಪೂರ್ಣವಿರಾಮ. ಯಾವ ವಾದವನ್ನಾದರೂ ಒಂದೇ ವಾಕ್ಯದಲ್ಲಿ ಮುಗಿಸಿ ಎದ್ದು ಹೋಗುತ್ತಿದ್ದರು, ಅದಕ್ಕೇ ಆ ಹೆಸರು. ಅದು ಅವರಿಗೂ ಗೊತ್ತಿತ್ತು, ಬೇಜಾರಿರಲಿಲ್ಲ. ಮೂರನೆಯವಳು ನಾನು. ನನ್ನನ್ನು ಎರಡನೇ ಸಹಿ ಎನ್ನುತ್ತಿದ್ದರು. ನನ್ನ ಕೆಲಸವೇ ಅದು.

ನಮ್ಮಲ್ಲಿ ಪ್ರಶ್ನೆಯೊಂದು ವೇದಿಕೆಗೆ ಹೋಗಬೇಕಾದರೆ ಎರಡು ಸಹಿ ಬೀಳಬೇಕಿತ್ತು. ನಿಘಂಟು ಹಳದಿ ಕಾರ್ಡಿನ ಮುಂದೆ ಪ್ರಶ್ನೆ ಬರೆದು, ಹಿಂದೆ ಉತ್ತರ ಬರೆದು, ಉತ್ತರದ ಮೇಲೆ ಕಾಗದದ ಪಟ್ಟಿ ಅಂಟಿಸಿ ನನಗೆ ಕೊಡುತ್ತಿದ್ದರು. ಪಟ್ಟಿ ತೆಗೆಯದೆ, ಬೇರೆ ಪುಸ್ತಕವೊಂದರಲ್ಲಿ ಹುಡುಕಿ, ನನ್ನ ಉತ್ತರವನ್ನೂ ಪುಟಸಂಖ್ಯೆಯನ್ನೂ ಬರೆದು ನಾನು ಸಹಿ ಹಾಕಬೇಕು. ಆಮೇಲೆ ಪೂರ್ಣವಿರಾಮ ಪಟ್ಟಿ ಕೀಳುತ್ತಾರೆ. ಎರಡೂ ಒಂದೇ ಆಗಿದ್ದರೆ ಕಾರ್ಡು ಪೆಟ್ಟಿಗೆಗೆ. ಬೇರೆಯಾಗಿದ್ದರೆ ಅವರೇ ಕೂತು ಮೂರನೇ ಪುಸ್ತಕ ತೆರೆದು ನೋಡಬೇಕು. ಇನ್ನೊಂದು ನಿಯಮವೂ ಇತ್ತು, ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ: ಪ್ರಶ್ನೆ ಈ ಕೋಣೆಯಿಂದ ಹೊರಗೆ ಹೋಗಕೂಡದು.

ನಾನು ಆ ಎರಡನೇ ನಿಯಮವನ್ನು ಎರಡು ವರ್ಷ ದಿನಾ ಮುರಿದೆ.

ಕೆಲಸಕ್ಕೆ ಸೇರಿದ ಮೊದಲ ವಾರ ನನಗೆ ಹೆದರಿಕೆ. ಪದವಿ ಮುಗಿಸಿ ಒಂದೂವರೆ ವರ್ಷ ಮನೆಯಲ್ಲಿ ಕೂತಿದ್ದವಳು ನಾನು. ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಕೊಟ್ಟರೂ ಕೇಳದೆ ಬರುವವಳು. ನನ್ನ ಸಹಿಯ ಮೇಲೆ ಒಬ್ಬರು ಗೆಲ್ಲುವುದು, ಇನ್ನೊಬ್ಬರು ಸೋಲುವುದು ಎಂದುಕೊಂಡು ಒಂದೊಂದು ಕಾರ್ಡಿಗೂ ಮೂರು ಸಲ ಪುಸ್ತಕ ನೋಡುತ್ತಿದ್ದೆ. ಅದೇ ವಾರ ಒಂದು ಸಂಜೆ, ಅಮ್ಮ ಹೋದ ಮೇಲೆ ಗೋಡೆ ನೋಡುತ್ತಾ ಕೂರುವುದನ್ನೇ ಕಲಿತಿದ್ದ ಅಪ್ಪನಿಗೆ, ಮಾತಿಗೆ ಮಾತು ಇರಲಿ ಎಂದು ಒಂದು ಪ್ರಶ್ನೆ ಕೇಳಿದೆ. ಆಕ್ಟೋಪಸ್ಸಿಗೆ ಎಷ್ಟು ಹೃದಯ?

"ಮೂರು," ಎಂದರು ಅಪ್ಪ. ಆಮೇಲೆ ನನ್ನ ಕಡೆ ತಿರುಗಿದರು. ಎಷ್ಟೋ ದಿನದ ಮೇಲೆ ತಿರುಗಿದ್ದರು. "ಎರಡು ಕಿವಿರಿಗೆ, ಒಂದು ಮಿಕ್ಕ ಮೈಗೆ. ಇನ್ನೊಂದು ಕೇಳು."

ಅಪ್ಪ ಮೂವತ್ತು ವರ್ಷ ಮನೆಮನೆ ಸುತ್ತಿ ವಿಶ್ವಕೋಶ ಮಾರಿದವರು. ಹನ್ನೆರಡು ಸಂಪುಟ, ಕಂದು ರಟ್ಟು. ಭಾರವೆಂದು ಒಂದೇ ಸಂಪುಟ ಹೊತ್ತೊಯ್ಯುತ್ತಿದ್ದರು. ಮಿಕ್ಕ ಹನ್ನೊಂದು ತಲೆಯಲ್ಲಿ. ಮನೆಯ ಮಗುವನ್ನು ಕರೆದು, "ಏನು ಬೇಕಾದ್ರೂ ಕೇಳು" ಎನ್ನುವುದು, ಮಗು ಕೇಳಿದ್ದಕ್ಕೆ ಉತ್ತರ ಹೇಳಿ, "ಇದು ಏಳನೇ ಸಂಪುಟದಲ್ಲಿದೆ, ಎಡಗಡೆ ಪುಟ, ಕೆಳಗಡೆ" ಎನ್ನುವುದು. ಮಕ್ಕಳ ಅಪ್ಪಂದಿರು ಅಷ್ಟಕ್ಕೇ ಮರುಳಾಗಿ ಕೊಂಡುಬಿಡುತ್ತಿದ್ದರಂತೆ. ಆಮೇಲೆ ಜನ ವಿಶ್ವಕೋಶ ಕೊಳ್ಳುವುದನ್ನು ಬಿಟ್ಟರು. ಅಪ್ಪನನ್ನು ಕೇಳುವವರೂ ಇಲ್ಲವಾದರು.

ಹಾಗೆ ಶುರುವಾಯಿತು. ದಿನಕ್ಕೆ ಹನ್ನೆರಡು ಕಾರ್ಡು. ಪ್ರಶ್ನೆಗಳನ್ನು ಬಾಯಿಪಾಠ ಮಾಡಿಕೊಂಡು ಮನೆಗೆ ಬಂದು, ಕೈಕಾಲು ತೊಳೆದು ಅಪ್ಪನ ಎದುರು ಕೂರುತ್ತಿದ್ದೆ. ಅಪ್ಪ ಹೇಳಿದ್ದನ್ನು ನನ್ನ ಡೈರಿಯಲ್ಲಿ, ದಿನಾಂಕದ ಕೆಳಗೆ ಬರೆದುಕೊಳ್ಳುತ್ತಿದ್ದೆ. ಬೆಳಿಗ್ಗೆ ಕೋಣೆಗೆ ಹೋಗಿ ಪುಸ್ತಕದಲ್ಲಿ ನೋಡಿ ಖಚಿತಪಡಿಸಿಕೊಂಡು ಸಹಿ ಹಾಕುತ್ತಿದ್ದೆ. ಮೊದಲ ಆರು ತಿಂಗಳು ಪ್ರತಿಯೊಂದನ್ನೂ ನೋಡಿದೆ. ಒಂದೂ ತಪ್ಪಿರಲಿಲ್ಲ. ಆಮೇಲೆ ಅನುಮಾನ ಬಂದದ್ದನ್ನು ಮಾತ್ರ ನೋಡಿದೆ. ಅದಾದ ಮೇಲೆ ಪುಸ್ತಕದ ಹಿಂದಿನ ವಿಷಯಸೂಚಿಯಿಂದ ಪುಟಸಂಖ್ಯೆ ಇಳಿಸಿಕೊಳ್ಳಲು ಮಾತ್ರ ಪುಸ್ತಕ ಮುಟ್ಟುತ್ತಿದ್ದೆ.

ನಡುವೆ ಎಂದಾದರೊಮ್ಮೆ ನನ್ನ ಉತ್ತರವೂ ನಿಘಂಟು ಅವರ ಉತ್ತರವೂ ಬೇರೆಯಾಗುತ್ತಿದ್ದವು. ಮೊದಲ ಸಲ ಹಾಗಾದಾಗ ಪೂರ್ಣವಿರಾಮ ಮೂರನೇ ಪುಸ್ತಕ ತೆರೆದರು. ನನ್ನದೇ ಸರಿ. ಎರಡನೇ ಸಲವೂ ನನ್ನದೇ. ಐದನೇ ಸಲದ ಹೊತ್ತಿಗೆ ಅವರು ಕಪಾಟಿನ ಕಡೆ ಹೋಗುವುದನ್ನೇ ಬಿಟ್ಟರು. "ಇವಳದು ತಪ್ಪಲ್ಲ ಬಿಡಿ," ಎಂದು ನಿಘಂಟು ಬರೆದದ್ದನ್ನು ಅಡ್ಡಗೆರೆ ಎಳೆದು ಹೊಡೆದುಹಾಕುತ್ತಿದ್ದರು.

"ನಿನ್ನ ಮುಂದೆ ನಮ್ಮ ಪುಸ್ತಕಗಳೆಲ್ಲ ರದ್ದಿಗೆ ಹಾಕೋದೇ ಸೈ ಕಣಮ್ಮ," ಎಂದು ನಿಘಂಟು ಒಮ್ಮೆ ನಕ್ಕರು. ನಾನು ತಲೆ ತಗ್ಗಿಸಿದೆ. ವಿನಯ ಎಂದುಕೊಂಡರು.

ಅಕ್ಕನ ಮನೆ ನಮ್ಮಿಂದ ಎರಡು ತಿರುವು ಆಚೆ. ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವುದು ಅಭ್ಯಾಸ. ಐದಾರು ತಿಂಗಳ ಹಿಂದೆ ಒಂದು ಭಾನುವಾರ ನಮ್ಮ ಅಡುಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿದಳು.

"ಅಪ್ಪನಿಗೆ ಮರೆವು ಶುರುವಾಗಿದೆ ಕಣೇ."

"ಏನಿಲ್ಲ."

"ಏನಿಲ್ಲ ಅಂತೆ. ನಿನ್ನೆ ಈರುಳ್ಳಿ ತಂದುಕೊಟ್ಟು ಹೋದ್ರು. ಒಂದು ಗಂಟೆ ಬಿಟ್ಟು ಮತ್ತೆ ಈರುಳ್ಳಿ. ಸಂಜೆ ಇನ್ನೊಂದು ಸಲ. ನಾನೇನು ಹೋಟೆಲ್ ಇಟ್ಟಿದೀನಾ?"

"ನಿಂಗೆ ಬೇಕಾಗುತ್ತೆ ಅಂತ ತಂದಿರ್ತಾರೆ."

"ಮೊನ್ನೆ ಅಂಗಿ ಮೇಲೆ ಅಂಗಿ ಹಾಕ್ಕೊಂಡು ಬಂದಿದ್ರು. ನಾನು ಕೇಳಿದ್ದಕ್ಕೆ ಚಳಿ ಅಂದ್ರು. ಬೆವರು ಸುರೀತಿತ್ತು." ಅವಳು ನನ್ನನ್ನೇ ನೋಡಿದಳು. "ಒಂದು ಸಲ ಡಾಕ್ಟರ ಹತ್ರ ತೋರಿಸೋಣ."

"ನಿನ್ನೆ ಹನ್ನೆರಡು ಪ್ರಶ್ನೆ ಕೇಳಿದೆ ಅಕ್ಕ. ಹನ್ನೆರಡಕ್ಕೂ ಥಟ್ ಅಂತ ಹೇಳಿದ್ರು. ಮರೆವು ಬಂದವರು ಹಾಗೆ ಹೇಳ್ತಾರಾ?"

"ಹೇಳಿದ್ದೆಲ್ಲ ಸರಿ ಇತ್ತಾ?"

ನಾನು ಪಾತ್ರೆ ತೊಳೆಯತೊಡಗಿದೆ.

"ನೋಡಿದೆಯಾ ಇಲ್ವಾ?"

"ಅಪ್ಪ ಹೇಳಿದ್ದು ಯಾವತ್ತು ತಪ್ಪಾಗಿದೆ?" ಎಂದೆ. ಅವಳು ಏನೋ ಹೇಳಹೊರಟು, ಗುಂಡುಸೂಜಿ ತೆಗೆದು ಸೆರಗಿಗೆ ಚುಚ್ಚಿ, ಹೊರಟುಹೋದಳು. ನನಗೆ ಅವಳ ಮೇಲೆ ಸಿಟ್ಟು ಬಂದಿತ್ತು. ಒಲೆಯ ಮೇಲಿಟ್ಟದ್ದನ್ನು ಅಪ್ಪ ಮರೆಯುವುದು, ಅಮ್ಮನನ್ನು ಹೆಸರು ಹಿಡಿದು ಕರೆದು ಆಮೇಲೆ ಸುಮ್ಮನಾಗುವುದು ನನಗೆ ಕಾಣುತ್ತಿರಲಿಲ್ಲವೆಂದಲ್ಲ. ಆದರೆ ಸಂಜೆ ಎದುರು ಕೂತು ಪ್ರಶ್ನೆ ಕೇಳಿದರೆ ಉತ್ತರ ಬರುತ್ತಿತ್ತು, ತಡವರಿಸದೆ. ಉತ್ತರ ಬರುತ್ತಿರುವಷ್ಟು ದಿನ ಅಪ್ಪನಿಗೆ ಏನೂ ಆಗಿಲ್ಲ ಎಂದು ನಾನು ಹಿಡಿದುಕೂತಿದ್ದೆ. ಆ ಉತ್ತರಗಳನ್ನು ಪುಸ್ತಕದೊಡನೆ ಹೋಲಿಸಿ ನೋಡುವುದೆಂದರೆ ಅಪ್ಪನನ್ನೇ ಪರೀಕ್ಷೆಗೆ ಕೂರಿಸಿದ ಹಾಗೆ. ಅದು ನನ್ನಿಂದ ಆಗಲಿಲ್ಲ.

*

ಆ ಹೆಂಗಸು ಬಂದದ್ದು ಒಂದು ಮಂಗಳವಾರ, ಬೆಳಿಗ್ಗೆ ಹತ್ತಕ್ಕೆ. ಹಿಂದಿನ ದಿನದ ಚಿತ್ರೀಕರಣದಲ್ಲಿ ಸೋತು ಹೋಗಿದ್ದವಳು. ನಮ್ಮ ಕಾರ್ಯಕ್ರಮ ಚಿತ್ರೀಕರಣವಾಗಿ ಎರಡು ವಾರಕ್ಕೆ ಟಿವಿಯಲ್ಲಿ ಬರುತ್ತಿತ್ತು. ಸೋತವರು ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ಇವಳು ಕಾವಲುಗಾರನ ಜೊತೆ ವಾದ ಮಾಡಿ ನಮ್ಮ ನೆಲಮಾಳಿಗೆಯವರೆಗೆ ಇಳಿದು ಬಂದಿದ್ದಳು. ನಲವತ್ತರ ಆಸುಪಾಸು, ಕಂಕುಳಲ್ಲಿ ದಪ್ಪ ಪುಸ್ತಕ.

"ಪ್ರಶ್ನೆ ಬರೆಯೋರು ಯಾರು?" ಎಂದಳು.

ಪೂರ್ಣವಿರಾಮ ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ.

"ನಾನು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯೋಳು. ಹದಿನೆಂಟು ವರ್ಷ ಆಯ್ತು. ದಿನಕ್ಕೆ ಐವತ್ತು ಅರವತ್ತು ಎದೆ ನೋಡ್ತೀನಿ. ನಿನ್ನೆ ನನಗೆ ಕೇಳಿದ್ದು, ಮನುಷ್ಯನ ಎಡ ಶ್ವಾಸಕೋಶದಲ್ಲಿ ಎಷ್ಟು ಹಾಲೆ ಅಂತ. ಎರಡು ಅಂದೆ. ತಪ್ಪು, ಮೂರು ಅಂದ್ರು, ಇಳಿಸಿಬಿಟ್ರು." ಪುಸ್ತಕವನ್ನು ಮೇಜಿನ ಮೇಲಿಟ್ಟು ಗುರುತಿಟ್ಟ ಪುಟ ತೆರೆದಳು. "ಫಿಲಂ ತರೋಣ ಅಂದುಕೊಂಡೆ. ಅದರಲ್ಲಿ ಗೆರೆ ಸರಿಯಾಗಿ ಕಾಣಲ್ಲ. ಅದಕ್ಕೇ ಪುಸ್ತಕ ತಂದೆ. ಬಲಗಡೆ ಮೂರು ಪಾಲು, ಎಡಗಡೆ ಎರಡೇ. ನೋಡಿ."

ಪೂರ್ಣವಿರಾಮ ನೋಡಿದರು. ನಿಘಂಟು ಎದ್ದು ನೋಡಲಿಲ್ಲ. ಅವರಿಗೆ ನೋಡುವ ಅಗತ್ಯವಿರಲಿಲ್ಲ.

"ಇವತ್ತು ಬೆಳಿಗ್ಗೆ ಡ್ಯೂಟಿಗೆ ಹೋಗಿ ಹೇಳಿದ್ದೇ ತಡ, ನಮ್ಮ ವಾರ್ಡಿನವರು ಶುರು ಮಾಡಿದ್ರು," ಎಂದಳು ಆಕೆ. "ನೋಡಮ್ಮ, ಇವತ್ತು ಯಾರಿಗಾದ್ರೂ ಮೂರು ಕಂಡರೆ ಹೇಳು ಅಂತ. ಅದು ಬಿಡಿ, ನಗಲಿ. ನನ್ನ ಮನಸ್ಸಿಂದ ಹೋಗ್ತಾ ಇಲ್ಲದ್ದು ಬೇರೆ. ಅಷ್ಟು ದೀಪದ ನಡುವೆ ನಿಂತು, ಅವರು ಮೂರು ಅಂದ ತಕ್ಷಣ ನಾನೂ ನಂಬಿಬಿಟ್ಟೆ ಸಾರ್. ನನ್ನದೇ ತಪ್ಪು ಅನ್ನಿಸಿಬಿಡ್ತು. ಹದಿನೆಂಟು ವರ್ಷ ಏನು ನೋಡಿದೆ ನಾನು ಅನ್ನಿಸ್ತು. ಬಸ್ಸಲ್ಲಿ ಪೂರ್ತಿ ದಾರಿ ಅದೇ."

ಪೂರ್ಣವಿರಾಮ ಪೆಟ್ಟಿಗೆಯಿಂದ ಕಾರ್ಡು ತೆಗೆಸಿದರು. ಹಿಂಬದಿಯಲ್ಲಿ ನಿಘಂಟು ಅವರ ದುಂಡು ಅಕ್ಷರದಲ್ಲಿ 'ಎರಡು', ಅದರ ಮೇಲೆ ಅಡ್ಡಗೆರೆ. ಕೆಳಗೆ ನನ್ನ 'ಮೂರು', ಪುಸ್ತಕದ ಹೆಸರು, ಪುಟ ೧೧೨, ನನ್ನ ಸಹಿ. ಅವರು ಕಪಾಟಿನಿಂದ ಆ ಪುಸ್ತಕ ತೆಗೆದು ನೂರಹನ್ನೆರಡನೇ ಪುಟ ತೆರೆದರು. ತುಂಬ ಹೊತ್ತು ಓದಿದರು. ಓದಲು ಅಷ್ಟು ಹೊತ್ತು ಬೇಕಾಗುವಷ್ಟು ಅಲ್ಲಿ ಏನೂ ಇರಲಿಲ್ಲ.

"ಪುಟ ಸರಿಯಾಗೇ ಇದೆ," ಎಂದರು ನನ್ನ ಕಡೆ ತಿರುಗಿ. "ಇಲ್ಲಿ ಎರಡು ಅಂತಿದೆ."

ನಾನು ಕಾರ್ಡಿನ ಮೇಲಿನ ನನ್ನ ಸಹಿಯನ್ನೇ ನೋಡಿದೆ.

ಆ ಹೆಂಗಸಿಗೆ ಅವರು ಕ್ಷಮೆ ಕೇಳಿದರು, ಮತ್ತೆ ಕರೆಸುವುದಾಗಿ ಬರೆದುಕೊಟ್ಟರು. ಅವಳು ಪುಸ್ತಕ ಎತ್ತಿಕೊಂಡು ಬಾಗಿಲವರೆಗೆ ಹೋಗಿ ನಿಂತಳು. "ಟಿವಿಯಲ್ಲಿ ಹೇಳ್ತೀರಾ? ನಂದು ಸರಿ ಇತ್ತು ಅಂತ?"

"ಹೇಳಿಸ್ತೀವಿ."

"ಅಷ್ಟು ಮಾಡಿ. ಮತ್ತೆ ಕರೆಸದಿದ್ರೂ ಪರವಾಗಿಲ್ಲ."

ಅವಳು ಹೋದ ಮೇಲೆ ಪೂರ್ಣವಿರಾಮ ಕಾರ್ಡನ್ನು ನನ್ನ ಮುಂದೆ ತಳ್ಳಿದರು. "ಎಡ ಬಲ ತಿರುಗಿಹೋಗಿದೆ. ಎರಡು ವರ್ಷದಲ್ಲಿ ಒಂದು. ಕೈತಪ್ಪು ಅಂತ ಬರೆದು ಸಹಿ ಹಾಕು, ಮುಗೀತು."

ಬರೆಯಬಹುದಿತ್ತು. ಪೆನ್ನು ಕೈಯಲ್ಲೇ ಇತ್ತು. "ನಾಳೆ ಬರೆದುಕೊಡ್ಲಾ ಸಾರ್?" ಎಂದೆ. ನನ್ನನ್ನು ಒಂದು ಥರ ನೋಡಿ, "ನಾಳೆ ಕೊಡು," ಎಂದರು.

ಆ ಮಧ್ಯಾಹ್ನ ಮೈ ಸರಿಯಿಲ್ಲವೆಂದು ಹೇಳಿ, ಡೈರಿ ಹಿಡಿದು ಸಾರ್ವಜನಿಕ ವಾಚನಾಲಯಕ್ಕೆ ಹೋದೆ. ಉದ್ದನೆಯ ಮೇಜಿನ ತುದಿಯಲ್ಲಿ ಕೂತು, ಇವತ್ತಿನಿಂದ ಹಿಂದಕ್ಕೆ, ಅಪ್ಪ ಹೇಳಿದ ಒಂದೊಂದು ಉತ್ತರವನ್ನೂ ಪುಸ್ತಕದೊಡನೆ ಹೋಲಿಸುತ್ತಾ ಬಂದೆ. ಪಕ್ಕದಲ್ಲಿ ಒಬ್ಬ ಮುದುಕ ದಿನಪತ್ರಿಕೆ ಮುಖಕ್ಕೆ ಹೊದ್ದು ಗೊರಕೆ ಹೊಡೆಯುತ್ತಿದ್ದ. ಮೊದಲ ಪುಟದಲ್ಲೇ ಎಡ ಶ್ವಾಸಕೋಶ. ಆ ತಿಂಗಳಲ್ಲಿ ಇನ್ನೊಂದು: ಉಷ್ಟ್ರಪಕ್ಷಿಯ ಒಂದು ಕಾಲಿಗೆ ಎಷ್ಟು ಬೆರಳು? ಅಪ್ಪ, ಮೂರು. ಪುಸ್ತಕ, ಎರಡು. ಅದರ ಹಿಂದಿನ ತಿಂಗಳು: ಅತಿ ಚಿಕ್ಕ ಮಹಾಸಾಗರ. ಅಪ್ಪ, ಹಿಂದೂ ಮಹಾಸಾಗರ. ಇದನ್ನು ಅಪ್ಪ ನಾನು ಮೂರನೇ ತರಗತಿಯಲ್ಲಿದ್ದಾಗ ನನಗೆ ಹೇಳಿಕೊಟ್ಟಿದ್ದರು, ಆರ್ಕ್‌ಟಿಕ್ ಎಂದು, ತಟ್ಟೆಯಲ್ಲಿ ನೀರು ಹಾಕಿ ತೋರಿಸಿ. ಅಪ್ಪನ ಬಾಯಿಂದ ಬಂದ ತಪ್ಪನ್ನು ನಾನು ನನ್ನ ಕೈಯಾರೆ, ನನಗೆ ಉತ್ತರ ಗೊತ್ತಿದ್ದೂ, ಬರೆದುಕೊಂಡಿದ್ದೆ. ಆ ದಿನ ನಾನು ಏನು ಯೋಚಿಸಿದೆ ಎಂದು ಡೈರಿಯಲ್ಲಿಲ್ಲ. 'ಅಪ್ಪ ಇವತ್ತು ಖುಷಿಯಾಗಿದ್ದರು' ಎಂದಿದೆ.

ಒಟ್ಟು ಏಳು. ಐದು ತಿಂಗಳಲ್ಲಿ. ಏಳರಲ್ಲೂ ನಿಘಂಟು ಸರಿಯಾಗಿ ಬರೆದಿರಬೇಕು, ಏಳಕ್ಕೂ ಅಡ್ಡಗೆರೆ ಬಿದ್ದಿರಬೇಕು.

ಅವುಗಳಲ್ಲಿ ನಾಲ್ಕು ಆಗಲೇ ಪ್ರಸಾರವಾಗಿದ್ದವು. ಎರಡನ್ನು ಅಪ್ಪನ ಜೊತೆ ಕೂತು ನಾನೇ ನೋಡಿದ್ದೆ, ಮಿಕ್ಕೆರಡನ್ನು ನೋಡಿರಲಿಲ್ಲ. ಜಿರಾಫೆಯ ಕತ್ತಿನಲ್ಲಿ ಎಷ್ಟು ಮೂಳೆ ಎಂಬುದಕ್ಕೆ ಒಬ್ಬ ಗಾರೆ ಕೆಲಸದವನು ತನ್ನ ಕತ್ತು ಸವರಿಕೊಂಡು, "ನಮಗಿರೋಷ್ಟೇ ಅಂತ ಎಲ್ಲೋ ಕೇಳಿದೀನಿ, ಏಳು," ಎಂದಿದ್ದ. ಕಾರ್ಡಿನಲ್ಲಿ ಹದಿನಾಲ್ಕು ಇತ್ತು. ಹದಿನಾಲ್ಕು ಇರುವುದು ಗೂಬೆಗೆ. ಇನ್ನೊಬ್ಬ ಬಸ್ ಚಾಲಕ. ಪಕ್ಕಕ್ಕೆ ಮಲಗಿದಂತೆ ಸುತ್ತುವ ಗ್ರಹ ಯಾವುದೆಂದರೆ ಯುರೇನಸ್ ಎಂದ. ಕಾರ್ಡಿನಲ್ಲಿ ನೆಪ್ಚೂನ್. ಅವನು ಹಣೆ ಹಣೆ ಬಡಿದುಕೊಂಡು ನಕ್ಕಿದ್ದ, ಎಲ್ಲರೂ ನಕ್ಕಿದ್ದರು. "ಛೆ, ಅದೇ ನನ್ನ ಬಾಯಿ ತುದೀಲಿತ್ತು," ಎಂದಿದ್ದ. ಇರಲಿಲ್ಲ. ಅವನ ಬಾಯಲ್ಲಿದ್ದದ್ದು ಸರಿಯಾದದ್ದು.

ಅವರಿಬ್ಬರೂ ನೆಲಮಾಳಿಗೆಗೆ ಪುಸ್ತಕ ಹಿಡಿದು ಬರಲಿಲ್ಲ.

*

ಮರುದಿನ ಕೈತಪ್ಪು ಎಂದು ಬರೆಯಲಿಲ್ಲ. ಏಳನ್ನೂ ದಿನಾಂಕದ ಸಮೇತ ಒಂದು ಹಾಳೆಯಲ್ಲಿ ಬರೆದು ಪೂರ್ಣವಿರಾಮ ಅವರ ಮೇಜಿನ ಮೇಲಿಟ್ಟೆ. ಓದಿ ತಲೆ ಎತ್ತಿದರು.

"ಏಳೂ ನಿನ್ನವೇ?"

"ನಮ್ಮಪ್ಪ ಹೇಳಿದ್ದು. ನಾನು ಪುಸ್ತಕ ನೋಡಲಿಲ್ಲ ಸಾರ್. ಮನೆಗೆ ಹೋಗಿ ಅಪ್ಪನನ್ನ ಕೇಳ್ತಿದ್ದೆ. ಮೊದಲಿಂದಾನೂ."

ಅವರು ಬಾಗಿಲ ಮೇಲಿನ ಬರಹದ ಕಡೆ ನೋಡಿದರು. ಕೂಗಲಿಲ್ಲ; ಕೂಗಿದ್ದರೆ ಚೆನ್ನಾಗಿತ್ತು. "ನಾನೂ ನೋಡಲಿಲ್ಲ," ಎಂದರು ಕೊನೆಗೆ. "ನೋಡಬೇಕಾದವನು ನಾನು. ನೀನಿದ್ದೀಯ ಅಂತ ಬಿಟ್ಟೆ." ನನ್ನ ಗುರುತಿನ ಚೀಟಿಗಾಗಿ ಕೈ ಚಾಚಿದರು. ಕೊಟ್ಟೆ. ಆ ಏಳರಲ್ಲಿ ಇನ್ನೂ ಪೆಟ್ಟಿಗೆಯಲ್ಲೇ ಉಳಿದಿದ್ದ ಎರಡು ಕಾರ್ಡನ್ನು ಹರಿದು ಬುಟ್ಟಿಗೆ ಹಾಕಿದರು.

"ಆ ಗಾರೆಯವನು, ಡ್ರೈವರು..." ಎಂದೆ.

"ಅವರು ಬಂದು ಕೇಳಿಲ್ಲವಲ್ಲ."

"ಅವರಿಗೆ ಗೊತ್ತಿಲ್ಲ ಸಾರ್."

"ಅದೇ," ಎಂದು ಅವರು ಎದ್ದು ಹೋದರು.

ನಿಘಂಟು ನನ್ನನ್ನು ಮೆಟ್ಟಿಲವರೆಗೆ ಬಿಡಲು ಬಂದರು. ಅಲ್ಲಿ ನಿಂತು ಹೇಳಿದರು. "ಜಿರಾಫೆದು ಹೊಡೆದುಹಾಕಿದ ದಿನ ನಾನು ಮನೆಗೆ ಹೋಗಿ ಮೂರು ಪುಸ್ತಕ ತೆಗೆದು ನೋಡಿದೆ ಕಣಮ್ಮ. ಮೂರರಲ್ಲೂ ಏಳೇ ಇತ್ತು. ಆದ್ರೂ ಪುಸ್ತಕಗಳು ಹಳೇವು, ಈಗ ಏನೋ ಹೊಸದಾಗಿ ಕಂಡುಹಿಡಿದಿರಬೇಕು ಅಂದುಕೊಂಡೆ." ಕೋಟಿನ ಜೇಬು ಮುಟ್ಟಿ ನೋಡಿಕೊಂಡರು. "ಅಪ್ಪ ಹೇಗಿದ್ದಾರೆ?"

ಎರಡು ವರ್ಷದಲ್ಲಿ ಆ ಕೋಣೆಯಲ್ಲಿ ಯಾರೂ ನನ್ನನ್ನು ಅಪ್ಪನ ಬಗ್ಗೆ ಕೇಳಿರಲಿಲ್ಲ. ಕೇಳಲು ನಾನು ಬಿಟ್ಟಿರಲಿಲ್ಲ.

*

ಕೆಲಸ ಹೋದದ್ದನ್ನು ಅಕ್ಕನಿಗೆ ಹೇಳಿದೆ, ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆಂದು ಕಾದೆ. ಅವಳು ಕತ್ತರಿಸುತ್ತಿದ್ದ ಬಟ್ಟೆಯನ್ನು ಮಡಿಸಿಟ್ಟು, ಮತ್ತೆ ಬಿಡಿಸಿ, ಮತ್ತೆ ಮಡಿಸಿದಳು.

"ಡಾಕ್ಟರನ್ನ ಕೇಳ್ತೀನಿ, ಯಾವತ್ತು ಬರಬೇಕು ಅಂತ."

"ಅಪ್ಪನಿಗೆ ಏನು ಹೇಳೋದು?"

"ನಿಂಗೆ ರಜೆ ಅಂತ ಹೇಳು ಸದ್ಯಕ್ಕೆ."

ಹೇಳಿದೆ. ಅಪ್ಪ ನಂಬಿದರು. ಸಂಜೆಯಾದರೆ ಮಾತ್ರ ಕೈಕಾಲು ತೊಳೆದು ಬಾ ಎನ್ನುವಂತೆ ನನ್ನ ಕಡೆ ನೋಡುತ್ತಿದ್ದರು. "ರಜೆ ಅಂತ ಪ್ರಶ್ನೆಗೂ ರಜೆನಾ ಮರಿ?" ಎಂದರು ಒಂದು ದಿನ. ನಾನು ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದೆ. ಕೇಳಲು ಧೈರ್ಯವಿರಲಿಲ್ಲ. ತಪ್ಪು ಉತ್ತರ ಬಂದರೆ ಈ ಸಲ ನನಗೆ ಕಾಣುತ್ತದೆ. ಕಂಡದ್ದು ನನ್ನ ಮುಖದಲ್ಲಿ ಅಪ್ಪನಿಗೆ ಕಾಣುತ್ತದೆ. ಆ ಮನುಷ್ಯನಿಗೆ ಇದ್ದದ್ದೇ ಅದೊಂದು. ಅದೂ ಕೈಬಿಟ್ಟಿತೆಂದು ಅವರಿಗೆ ತಿಳಿಯಬಾರದು ಎಂಬುದೊಂದೇ ನನ್ನ ತಲೆಯಲ್ಲಿ.

ಆದರೆ ಎರಡನೇ ವಾರ ಎಕ್ಸ್‌ರೇ ಹೆಂಗಸಿನ ಸಂಚಿಕೆ ಪ್ರಸಾರವಾಗುವುದಿತ್ತು. ಆ ಸಂಜೆ ಟಿವಿಯ ತಂತಿ ಕಿತ್ತಿಡೋಣವೇ ಎಂದು ಯೋಚಿಸಿದೆ. ಅಕ್ಕ ಅಂಗಡಿ ಬೇಗ ಮುಚ್ಚಿ ಬಂದಳು. "ಕೀಳಬೇಡ," ಎಂದಳು ಅಡುಗೆಮನೆಯಲ್ಲಿ, ಪಿಸುದನಿಯಲ್ಲಿ. "ಇವತ್ತು ತಂತಿ ಕೀಳ್ತೀಯ. ನಾಳೆ?"

ಮೂವರೂ ಕೂತೆವು. ಅಪ್ಪ ತಮ್ಮ ಕುರ್ಚಿಯಲ್ಲಿ, ಕಾಲು ಮೇಲೆ ಕಾಲು. ಎಕ್ಸ್‌ರೇ ಹೆಂಗಸು ನಗುತ್ತಾ ವೇದಿಕೆ ಹತ್ತಿದಳು. ಮೊದಲ ನಾಲ್ಕು ಪ್ರಶ್ನೆಗೆ ಅವಳಿಗಿಂತ ಮೊದಲೇ ಅಪ್ಪ ಉತ್ತರ ಹೇಳಿದರು. ಐದನೆಯದು ಬಂತು. ನಾನು ನೆಲ ನೋಡಿದೆ.

"ಎರಡು," ಎಂದರು ಅಪ್ಪ. "ಎಡಗಡೆ ಹೃದಯಕ್ಕೆ ಜಾಗ ಬಿಡಬೇಕಲ್ಲ. ಬಲಗಡೆಯಾದರೆ ಮೂರು."

ಅವಳೂ ಎರಡು ಎಂದಳು. ನಿರೂಪಕ ತಲೆಯಾಡಿಸಿ, ಮೂರು ಎಂದ. ದೀಪ ಕೆಂಪಾಯಿತು. ಅವಳ ಮುಖದ ಮೇಲೆ ಆಗ ಏನು ನಡೆಯಿತೆಂದು ನಾನು ನೋಡಿದೆ: ಮೊದಲು ಬೆರಗು, ಆಮೇಲೆ ನಾಚಿಕೆ.

ಅಪ್ಪ ಕುರ್ಚಿಯಿಂದ ಅರ್ಧ ಎದ್ದರು. "ಏನಿದು? ಆಯಮ್ಮ ಸರಿಯಾಗೇ ಹೇಳ್ತಲ್ಲ. ಯಾವ ಪುಣ್ಯಾತ್ಮ ಬರೆದದ್ದು ಇದನ್ನ?"

ಅಷ್ಟರಲ್ಲಿ ಪರದೆಯ ಮೇಲೆ ನಿರೂಪಕ ಬೇರೆ ಅಂಗಿಯಲ್ಲಿ ಒಬ್ಬನೇ ಬಂದು, ಆ ಉತ್ತರ ಸರಿಯಾಗಿಯೇ ಇತ್ತು, ತಪ್ಪು ನಮ್ಮ ಪ್ರಶ್ನೆ ವಿಭಾಗದ್ದು, ಅವರನ್ನು ಮತ್ತೆ ಕರೆಸುತ್ತೇವೆ ಎಂದ. ಅಪ್ಪ ನನ್ನ ಕಡೆ ತಿರುಗಿದರು.

"ನಿಮ್ಮ ಕೋಣೇದಾ?"

"ಹೌದು."

"ಯಾರು?"

ಅಕ್ಕ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟಳು. "ನಾನೇ ಅಪ್ಪ," ಎಂದೆ.

ಅವರ ಸಿಟ್ಟೆಲ್ಲ ಇಳಿದುಹೋಯಿತು. ನಾನು ಚಿಕ್ಕವಳಿದ್ದಾಗ ಲೆಕ್ಕ ತಪ್ಪಿ ಅಳುತ್ತಾ ಬಂದರೆ ನೋಡುತ್ತಿದ್ದ ಹಾಗೆ ನೋಡಿದರು. "ನನ್ನನ್ನ ಒಂದು ಮಾತು ಕೇಳಬಾರದಿತ್ತಾ ಮರಿ?"

ನನಗೆ ಅಳು ತಡೆಯಲಾಗಲಿಲ್ಲ. ಅಪ್ಪ ಅದನ್ನು ತಪ್ಪಾಗಿ ತಿಳಿದರು. "ಹೋಗ್ಲಿ ಬಿಡು. ಎಲ್ಲರಿಗೂ ಆಗುತ್ತೆ. ಬಾ, ಈಗ ಕೇಳು, ಏನು ಬೇಕಾದ್ರೂ ಕೇಳು," ಎಂದು ಟಿವಿಯ ಸದ್ದು ತಗ್ಗಿಸಿ ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡರು. ಅಕ್ಕನಿಗೆ, "ಇವಳು ಎಷ್ಟು ದಿನದಿಂದ ಕೇಳೇ ಇಲ್ಲ ನೋಡು," ಎಂದು ದೂರು ಹೇಳಿದರು.

"ಕೇಳು," ಎಂದಳು ಅಕ್ಕ. ನನ್ನ ಮುಖ ನೋಡಲಿಲ್ಲ.

ಜಿರಾಫೆ ಕೇಳಿದೆ. ಏಳು ಎಂದರು. ಉಷ್ಟ್ರಪಕ್ಷಿ ಕೇಳಿದೆ. ಎರಡು ಬೆರಳು, ಒಂದು ದೊಡ್ಡದು ಒಂದು ಸಣ್ಣದು, ಎಂದರು. ಒಂದು ಕ್ಷಣ ನನಗೆ ಹುಚ್ಚು ಆಸೆ ಹುಟ್ಟಿತು. ಏಳೂ ನಾನೇ ತಪ್ಪು ಕೇಳಿಸಿಕೊಂಡು ತಪ್ಪು ಬರೆದದ್ದಾಗಿರಲಿ, ಅಪ್ಪನಿಗೆ ಏನೂ ಆಗಿರದಿರಲಿ ಎಂದು.

"ಮಲಗಿದಂತೆ ಸುತ್ತುವ ಗ್ರಹ ಯಾವುದಪ್ಪ?"

"ನೆಪ್ಚೂನ್." ಅದೇ ವೇಗ, ಅದೇ ಧೈರ್ಯ. ತಡವರಿಕೆ ಎಳ್ಳಷ್ಟೂ ಇಲ್ಲ. ಉತ್ತರ ಹೇಳಿ ನನ್ನನ್ನು ನೋಡಿದರು, ಬರೆದುಕೊಳ್ಳಲಿಲ್ಲವೇ ಎಂಬಂತೆ. "ಸರಿ ತಾನೇ?"

ಸರಿ ಎಂದರೆ ಎಲ್ಲ ಹಾಗೇ ಇರುತ್ತಿತ್ತು. ಹುಟ್ಟಿದಾಗಿನಿಂದ ಅಪ್ಪನಿಗೆ ತಪ್ಪು ಎಂದು ಹೇಳಿದವಳಲ್ಲ ನಾನು. ಅದು ಹೇಗೆ ಹೇಳುವುದೆಂದೂ ಗೊತ್ತಿರಲಿಲ್ಲ.

"ಅಲ್ಲಪ್ಪ," ಎಂದೆ. "ಯುರೇನಸ್."

ಅಪ್ಪ ಟಿವಿಯ ಕಡೆ ತಿರುಗಿದರು. ಪರದೆಯ ಮೇಲೆ ಯಾರೋ ಬಾಯಿ ತೆರೆದು ನಗುತ್ತಿದ್ದರು, ಸದ್ದಿಲ್ಲದೆ.

"ಶ್ವಾಸಕೋಶ," ಎಂದರು ಅಪ್ಪ. "ಅದನ್ನ ನನ್ನ ಕೇಳಿದ್ದೆ, ಅಲ್ವಾ ಮರಿ?"

ನಾನು ತಲೆಯಾಡಿಸಿದೆ.

"ನಾನು ಮೂರು ಅಂದೆ."

"ಹೂಂ."

ಅವರು ಅಂಗಿಯ ಜೇಬಿಗೆ ಕೈಹಾಕಿದರು. ಕರವಸ್ತ್ರಕ್ಕೆಂದುಕೊಂಡೆ. ಒಂದು ಹಿಡಿ ಕಾಗದದ ಚೂರುಗಳನ್ನು ತೆಗೆದು ತೊಡೆಯ ಮೇಲೆ ಹರಡಿದರು. ಎಲ್ಲ ಅವರದೇ ಅಕ್ಷರ, ಮೊದಲಿನಷ್ಟು ನೇರವಿಲ್ಲ. 'ಬೀಗ: ಬಲಕ್ಕೆ ತಿರುಗಿಸು.' 'ದೊಡ್ಡವಳ ಮನೆ ಎರಡನೇ ತಿರುವು, ನೀಲಿ ಬಾಗಿಲು.' 'ಈರುಳ್ಳಿ ಕೊಟ್ಟಾಯಿತು.' ಒಂದರಲ್ಲಿ ನನ್ನ ಹೆಸರು, ಕೆಳಗೆ 'ಚಿಕ್ಕವಳು, ಸಂಜೆ ಬರುತ್ತಾಳೆ.' ಅಮ್ಮನ ಹೆಸರಿನದೂ ಒಂದಿತ್ತು, ಅದರ ಮುಂದೆ 'ಇಲ್ಲ' ಎಂದು.

"ಮಿಕ್ಕದ್ದೆಲ್ಲ ಹೋಗ್ತಿದೆ ಅಂತ ನಂಗೆ ಗೊತ್ತು," ಎಂದರು. "ಅದೊಂದು ಗಟ್ಟಿಯಾಗಿದೆ ಅಂದುಕೊಂಡಿದ್ದೆ."

ಅಕ್ಕ ಒಂದೊಂದೇ ಚೀಟಿ ಎತ್ತಿ ಓದಿ, ಇದ್ದ ಜಾಗದಲ್ಲೇ ಇಡುತ್ತಿದ್ದಳು. ನಂಗೆ ಗೊತ್ತು ಎಂಬ ಮಾತು ನನ್ನ ಕಿವಿಯಲ್ಲಿ ನಿಂತುಬಿಟ್ಟಿತು. ಅಪ್ಪನಿಗೆ ತಿಳಿಯಬಾರದೆಂದು ನಾನು, ನನಗೆ ತಿಳಿಯಬಾರದೆಂದು ಅಪ್ಪ, ದಿನಾ ಸಂಜೆ ಎದುರುಬದುರು ಕೂತಿದ್ದೆವು.

"ಎಷ್ಟು ತಪ್ಪಾಯ್ತು?" ಎಂದರು.

"ಏಳು."

"ಅದರಿಂದ ಯಾರಾದ್ರೂ ಸೋತ್ರಾ, ಈ ಆಯಮ್ಮನ ಬಿಟ್ಟು?"

ಹೇಳಿದೆ. ಗಾರೆ ಕೆಲಸದವನು, ಬಸ್ ಚಾಲಕ. ಅಪ್ಪ ಇಬ್ಬರ ಬಗ್ಗೆಯೂ ಪೂರ್ತಿ ಕೇಳಿಸಿಕೊಂಡರು. ಡ್ರೈವರು ಹಣೆ ಬಡಿದುಕೊಂಡದ್ದನ್ನು ಹೇಳಿದಾಗ ಕಣ್ಣು ಮುಚ್ಚಿದರು.

"ಅವರಿಗೆ ಹೇಳಬೇಕು," ಎಂದರು.

"ವಿಳಾಸ ಇಲ್ಲಪ್ಪ."

"ಹೂಂ," ಎಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಅವರಿಗೆ ಹೇಳಬೇಕು ಮರಿ," ಎಂದರು. ಮರೆತು ಎರಡನೇ ಸಲ ಹೇಳಿದರೋ, ಬೇಕೆಂದೇ ಹೇಳಿದರೋ ನನಗೆ ಗೊತ್ತಾಗಲಿಲ್ಲ.

ಅಕ್ಕ ಫೋನ್ ಎತ್ತಿಕೊಂಡು, ನಾಳೆ ಬೆಳಿಗ್ಗೆಗೇ ಡಾಕ್ಟರು ಸಿಗುತ್ತಾರೇನೋ ಕೇಳುತ್ತೇನೆಂದು ಹೊರಗೆ ಹೋದಳು. ಅಪ್ಪ ಅವಳನ್ನು ತಡೆಯಲಿಲ್ಲ. ಚೀಟಿಗಳನ್ನು ಜೋಡಿಸಿ ಜೇಬಿಗೆ ಹಾಕಿಕೊಳ್ಳತೊಡಗಿದರು. ಒಂದು ಕೈಜಾರಿ ಕೆಳಗೆ ಬಿತ್ತು, ಎತ್ತಿಕೊಟ್ಟೆ. ನನ್ನ ಹೆಸರಿನದೇನೋ ಎಂದು ನೋಡಿದೆ; ಅಲ್ಲ, ಬೀಗದ್ದು.